ವಿನ್ಯಾಸ ವಿದ್ಯಾರ್ಥಿಯ ಕಲ್ಪನೆಯೂ ವಿವೇಚನೆಯೂ

೧

ವಿನ್ಯಾಸ ಶಾಲೆಯಲ್ಲಿ ಕಲಿಯತಕ್ಕ ವಿದ್ಯಾರ್ಥಿಗೆ ಪ್ರಶ್ನೆಪತ್ರಿಕೆಗಿಂತ ಹೆಚ್ಚು ಪರಿಚಿತವಾದ ಹಾಳೆಯೊಂದುಂಟು. ಅದನ್ನು ಆ ಶಾಲೆಗಳವರು ಬ್ರೀಫ್ ಎನ್ನುತ್ತಾರೆ. ನಾವು ಅದನ್ನು ಕಾರ್ಯನಿರೂಪವೆಂದು ಕರೆಯೋಣ. ಯಾರಿಗಾಗಿ, ಯಾವ ವಸ್ತುವನ್ನು, ಯಾವ ಮಿತಿಗಳೊಳಗೆ, ಎಷ್ಟು ಕಾಲದಲ್ಲಿ ರೂಪಿಸಬೇಕೆಂಬುದನ್ನು ಅದು ನಾಲ್ಕಾರು ವಾಕ್ಯಗಳಲ್ಲಿ ಹೇಳುತ್ತದೆ. ವಿದ್ಯಾರ್ಥಿಯು ಅದಕ್ಕೆ ಉತ್ತರವಾಗಿ ಹಲವು ಕಲ್ಪನೆಗಳನ್ನು ಹುಟ್ಟಿಸಬೇಕು, ಬೆಳೆಸಬೇಕು, ಅವುಗಳ ಬೆಲೆ ಕಟ್ಟಬೇಕು, ಒಂದನ್ನು ಆರಿಸಿ ಪೂರ್ತಿಗೊಳಿಸಬೇಕು. ಈ ಕ್ರಮವನ್ನು ಬೋಧಿಸುವ ಪುಸ್ತಕಗಳು ಬಹಳವಾಗಿವೆ. ಅವುಗಳಲ್ಲಿ ಹೆಚ್ಚಿನವು ಕಲ್ಪನೆಯನ್ನೂ ವಿವೇಚನೆಯನ್ನೂ ಎರಡು ಬೇರೆ ಬೇರೆ ಹಂತಗಳಾಗಿ ವಿಂಗಡಿಸುತ್ತವೆ: ಮೊದಲು ಹರಡಿಕೊಳ್ಳುವುದು, ಅನಂತರ ಕೂಡಿಕೊಳ್ಳುವುದು, ಮೊದಲು ಸಂಖ್ಯೆ, ಅನಂತರ ಗುಣ.

ಈ ವಿಂಗಡಣೆ ಸುಲಭಗ್ರಾಹ್ಯವಾದುದು. ಆದರೆ ಅದು ಸತ್ಯವೆ ಎಂಬುದನ್ನು ಪರಾಮರ್ಶಿಸಬೇಕಾಗಿದೆ. ಒಂದು ಶಾಲೆಯ ವಾರ್ಷಿಕ ಪರೀಕ್ಷಣದಲ್ಲಿ ಕುಳಿತಿದ್ದಾಗ ನಾವು ಕಂಡ ಒಂದು ಸಂಗತಿಯೇ ಈ ಲೇಖನಕ್ಕೆ ಪ್ರೇರಣೆ. ಒಬ್ಬ ವಿದ್ಯಾರ್ಥಿನಿಯ ಚಿತ್ರಪುಸ್ತಕದಲ್ಲಿ ಹತ್ತು ಕಲ್ಪನೆಗಳಿದ್ದುವು. ಅವುಗಳ ಕೆಳಗೆ ಅಂಕಗಳ ಪಟ್ಟಿ. ಹತ್ತನೆಯ ಕಲ್ಪನೆಗೆ ಅತ್ಯಧಿಕ ಅಂಕ. ಎಲ್ಲವೂ ಕ್ರಮವಾಗಿತ್ತು. ಆದರೆ ಮೊದಲ ಒಂಬತ್ತು ಚಿತ್ರಗಳು ಹತ್ತನೆಯದನ್ನು ಬರೆದಾದ ಮೇಲೆ ಬರೆದುವೆಂಬುದು ಗೆರೆಗಳನ್ನು ನೋಡಿದೊಡನೆಯೇ ತಿಳಿಯುತ್ತಿತ್ತು. ಹತ್ತನೆಯದರಲ್ಲಿ ಅಳಿಸಿ ಬರೆದ ಗುರುತು, ಅನುಮಾನದ ಗೆರೆ, ಅಂಚಿನಲ್ಲಿ ಲೆಕ್ಕ. ಉಳಿದವುಗಳಲ್ಲಿ ಅಂಥದೇನೂ ಇಲ್ಲ. ಅವು ಸೋಲುವುದಕ್ಕಾಗಿಯೇ ಹುಟ್ಟಿದುವು. ಕೇಳಿದಾಗ ಆಕೆ ಮರೆಮಾಚಲಿಲ್ಲ: ಹತ್ತು ಇಲ್ಲದಿದ್ದರೆ ಅಂಕ ಹೋಗುತ್ತದೆಂದಳು. ನಾವೂ ಅಂಕ ಕೊಟ್ಟೆವು. ಪಟ್ಟಿಯಲ್ಲಿ ಕಳೆಯಲು ಕಾರಣವಿರಲಿಲ್ಲ.

ಇದನ್ನು ಆ ವಿದ್ಯಾರ್ಥಿನಿಯ ಅಪ್ರಾಮಾಣಿಕತೆಯೆಂದು ಎಣಿಸಿ ಸುಮ್ಮನಾಗುವುದು ಉಚಿತವಲ್ಲ. ಶಾಲೆಯು ಕೇಳಿದ ಸಾಕ್ಷ್ಯವನ್ನು ಆಕೆ ಒದಗಿಸಿದಳು. ನಿಜವಾದ ವಿವೇಚನೆ ಬೇರೆಲ್ಲಿಯೋ ನಡೆದಿತ್ತು. ಹತ್ತನೆಯ ಚಿತ್ರದ ಅಳಿಸಿದ ಗೆರೆಗಳಲ್ಲಿ ನಡೆದಿತ್ತು. ಅದಕ್ಕೆ ನಮ್ಮ ಪಟ್ಟಿಯಲ್ಲಿ ಜಾಗವಿರಲಿಲ್ಲ. ನಮ್ಮ ಪ್ರತಿಪಾದನೆ ಇಷ್ಟು: ವಿವೇಚನೆಯೆಂಬುದು ಸಿದ್ಧವಾದ ಕಲ್ಪನೆಗೆ ಸಿದ್ಧವಾದ ಅಳತೆಗೋಲನ್ನು ಹಿಡಿಯುವ ಕೆಲಸವಲ್ಲ, ಕಲ್ಪನೆಯನ್ನು ಬೆಳೆಸುತ್ತ ಹೋದಂತೆ ಅಳತೆಗೋಲೂ ಬೆಳೆಯುತ್ತದೆ. ಆದುದರಿಂದ ವಿದ್ಯಾರ್ಥಿಗೆ ಕಲಿಸಬೇಕಾದುದು ಅಂಕ ಹಾಕುವುದನ್ನಲ್ಲ, ಕಾರ್ಯನಿರೂಪವನ್ನು ಮತ್ತೆ ಮತ್ತೆ ಓದುವುದನ್ನು.

೨

ಕಲ್ಪಿಸುವ ಶಕ್ತಿಗೂ ಬೆಲೆ ಕಟ್ಟುವ ಶಕ್ತಿಗೂ ಇರತಕ್ಕ ಸಂಬಂಧ ನಮ್ಮ ಕಾವ್ಯಮೀಮಾಂಸಕರಿಗೆ ಹೊಸ ವಿಷಯವಲ್ಲ. ಹತ್ತನೆಯ ಶತಮಾನದ ಆದಿಭಾಗದಲ್ಲಿದ್ದ ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಪ್ರತಿಭೆಯನ್ನು ಕಾರಯಿತ್ರೀ, ಭಾವಯಿತ್ರೀ ಎಂದು ಇಬ್ಬಗೆಯಾಗಿ ವಿಭಾಗಿಸುತ್ತಾನೆ. ಮೊದಲನೆಯದು ಕವಿಗೆ ಉಪಕಾರಕವಾದುದು. ಎರಡನೆಯದು ಭಾವಕನಿಗೆ, ಎಂದರೆ ಸಹೃದಯನಾದ ವಿಮರ್ಶಕನಿಗೆ, ಉಪಕಾರಕವಾದುದು. ಇಲ್ಲಿ ಗಮನಿಸಬೇಕಾದುದೇನೆಂದರೆ, ಎರಡನ್ನೂ ಆತನು ಪ್ರತಿಭೆಯೆಂದೇ ಕರೆದಿದ್ದಾನೆ. ಬೆಲೆ ಕಟ್ಟುವುದು ಲೆಕ್ಕಿಗನ ಕೆಲಸವಲ್ಲ. ಅದೂ ಸೃಷ್ಟಿಯ ಒಂದು ಮುಖ.

ಭಾವಕರಲ್ಲಿ ಅರೋಚಕಿ, ಸತೃಣಾಭ್ಯವಹಾರಿ, ಮತ್ಸರಿ, ತತ್ತ್ವಾಭಿನಿವೇಶಿ ಎಂದು ರಾಜಶೇಖರನು ನಾಲ್ಕು ಬಗೆಯನ್ನು ಹೇಳುತ್ತಾನೆ. ಯಾವುದೂ ರುಚಿಸದವನು ಅರೋಚಕಿ. ಹುಲ್ಲುಸಮೇತ ಎಲ್ಲವನ್ನೂ ಉಣ್ಣುವವನು ಸತೃಣಾಭ್ಯವಹಾರಿ. ಗುಣವನ್ನು ಕಂಡೂ ಸಹಿಸದವನು ಮತ್ಸರಿ. ತಿರುಳನ್ನು ಹಿಡಿಯಲು ಹಟತೊಟ್ಟವನು ತತ್ತ್ವಾಭಿನಿವೇಶಿ, ಅಂಥವನು ಸಾವಿರಕ್ಕೊಬ್ಬನು. ವಿನ್ಯಾಸ ವಿದ್ಯಾರ್ಥಿಯ ಮೇಜಿನ ಬಳಿ ನಿಂತು ನೋಡಿದವರಿಗೆ ಈ ನಾಲ್ವರೂ ಕಾಣಸಿಗುತ್ತಾರೆ. ಬರೆದ ಪ್ರತಿಯೊಂದು ಹಾಳೆಯನ್ನೂ ಹರಿದೆಸೆದು, ಅವಧಿ ಮುಗಿಯುವ ಹೊತ್ತಿಗೆ ಬರಿಗೈಯಲ್ಲಿ ನಿಲ್ಲುವವನು ಅರೋಚಕಿ. ಹೊಳೆದುದೆಲ್ಲವನ್ನೂ ಗೋಡೆಗೆ ಅಂಟಿಸಿ, ಯಾವುದನ್ನೂ ಬಿಡಲಾರದೆ, ಐದು ವಸ್ತುಗಳನ್ನು ಒಂದರಲ್ಲಿ ತುರುಕುವವನು ಸತೃಣಾಭ್ಯವಹಾರಿ. ತನ್ನ ಮೊದಲ ಕಲ್ಪನೆಯನ್ನು ಮೀರಿದ ಎರಡನೆಯದನ್ನು, ಅದು ತನ್ನದೇ ಆದರೂ, ಸಹಿಸದವನು ತನಗೆ ತಾನೇ ಮತ್ಸರಿ. ಮೇಲೆ ಹೇಳಿದ ಹತ್ತು ಚಿತ್ರಗಳ ಪುಸ್ತಕದಲ್ಲಿ ಒಂಬತ್ತು ಈ ಮತ್ಸರದ ಸೃಷ್ಟಿ: ಗೆಲ್ಲಬೇಕಾದುದನ್ನು ಗೆಲ್ಲಿಸಲು ನಿಲ್ಲಿಸಿದ ಬೊಂಬೆಗಳು.

ಕವಿಯ ದಿನಚರಿಯನ್ನು ರಾಜಶೇಖರನು ಯಾಮಗಳಾಗಿ ಹಂಚುವ ಭಾಗವೂ ಇಲ್ಲಿ ಉಪಯುಕ್ತವಾಗಿದೆ. ಬೆಳಿಗ್ಗೆ ಅಧ್ಯಯನ, ಆಮೇಲೆ ರಚನೆ, ಊಟದ ನಂತರ ಗೋಷ್ಠಿ. ನಾಲ್ಕನೆಯ ಯಾಮದಲ್ಲಿ, ಒಬ್ಬನೇ ಅಥವಾ ಕೆಲವೇ ಮಂದಿ ಆಪ್ತರೊಡನೆ, ಅಂದಿನ ರಚನೆಯ ಪರೀಕ್ಷೆ. ರಸಾವೇಶದಲ್ಲಿ ಬರೆಯುತ್ತಿರುವವನಿಗೆ ವಿವೇಚನೆಯ ದೃಷ್ಟಿ ಇರುವುದಿಲ್ಲವೆಂಬುದು ಅದಕ್ಕೆ ಕೊಟ್ಟ ಕಾರಣ. ಹೀಗೆ ಕಲ್ಪನೆಗೂ ವಿವೇಚನೆಗೂ ಹೊತ್ತು ಬೇರೆಯಿರಬೇಕೆಂಬ ಇಂದಿನವರ ಮಾತು ಅವನಿಗೂ ಒಪ್ಪಿಗೆ. ಆದರೆ ಆ ಪರೀಕ್ಷೆಯ ಕೆಲಸವೇನು? ಹೆಚ್ಚಾದುದನ್ನು ತೆಗೆಯುವುದು, ಕಡಮೆಯಾದುದನ್ನು ತುಂಬುವುದು, ಸ್ಥಾನ ತಪ್ಪಿದುದನ್ನು ಬದಲಿಸುವುದು, ಮರೆತುದನ್ನು ನೆನೆದು ಸೇರಿಸುವುದು. ಈ ನಾಲ್ಕರಲ್ಲಿ ಒಂದೂ ಅಂಕ ಹಾಕುವ ಕೆಲಸವಲ್ಲ. ನಾಲ್ಕೂ ರಚನೆಯ ಕೆಲಸಗಳೇ. ಹೊತ್ತು ಬೇರೆ, ಕೈ ಒಂದೇ.

೩

ಕಾರ್ಯನಿರೂಪವನ್ನು ಓದುವುದೆಂದರೇನು ಎಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ಪ್ರಸಿದ್ಧ ನಿದರ್ಶನವುಂಟು. ಭಾರತ ಸರ್ಕಾರದ ಕೋರಿಕೆಯ ಮೇಲೆ ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಈಮ್ಸ್, ರೇ ಈಮ್ಸ್ ದಂಪತಿಗಳು ಈ ದೇಶದಲ್ಲಿ ಸಂಚರಿಸಿ ೧೯೫೮ರಲ್ಲಿ ಒಂದು ವರದಿಯನ್ನು ಒಪ್ಪಿಸಿದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ೧೯೬೧ರಲ್ಲಿ ಸ್ಥಾಪಿತವಾಗಲು ಆ ವರದಿಯೇ ಮುಖ್ಯ ಪ್ರೇರಣೆ. ಅದರಲ್ಲಿ ಅವರು ತಾವು ಕಂಡು ಮೆಚ್ಚಿದ ವಸ್ತುಗಳಲ್ಲೆಲ್ಲ ಅತ್ಯುತ್ತಮವೆಂದು ಎತ್ತಿ ಹೇಳಿದುದು ಲೋಟಾವನ್ನು, ಎಂದರೆ ನಮ್ಮ ತಂಬಿಗೆಯನ್ನು.

ಹೊಗಳಿಕೆಗಿಂತ ಮುಖ್ಯವಾದುದು ಅವರು ಅನುಸರಿಸಿದ ವಿಧಾನ. ತಂಬಿಗೆಯನ್ನು ಇಂದು ಹೊಸದಾಗಿ ರೂಪಿಸಬೇಕಾದರೆ ಏನೇನನ್ನು ಯೋಚಿಸಬೇಕಾದೀತೆಂದು ಅವರು ಪ್ರಶ್ನೆಗಳನ್ನು ಪೋಣಿಸುತ್ತಾರೆ. ಎಷ್ಟು ನೀರು ಹಿಡಿಯಬೇಕು? ಹಿಡಿಯುವ ಕೈ ಯಾರದು, ಎಷ್ಟು ದೊಡ್ಡದು? ತಲೆಯ ಮೇಲೆ ಹೊರುವುದೋ, ಸೊಂಟದ ಮೇಲೋ? ತುಂಬಿದಾಗ, ಬರಿದಾದಾಗ, ಬಗ್ಗಿಸಿದಾಗ ತೂಕ ಎಲ್ಲಿ ನಿಲ್ಲುತ್ತದೆ? ಒಳಗೆ ಕೈಹಾಕಿ ಬೆಳಗಲು ಬಾಯಿ ಎಷ್ಟಗಲವಿರಬೇಕು? ಬಿಸಿನೀರಿದ್ದರೆ ಹಿಡಿಯಬಹುದೆ? ಕಲ್ಲಿನ ಮೇಲಿಟ್ಟಾಗ ಯಾವ ಸದ್ದು? ಹಳತಾದಾಗ ಲೋಹಕ್ಕೆ ಬೆಲೆಯೆಷ್ಟು? ಇನ್ನೊಬ್ಬರಿಗೆ ಕೊಡುವಾಗ ಮನಸ್ಸಿಗೆ ಹೇಗೆನಿಸುತ್ತದೆ? ಹೀಗೆ ಅಳೆಯಬಹುದಾದ ಪ್ರಶ್ನೆಗಳಿಂದ ಅಳೆಯಲಾಗದ ಪ್ರಶ್ನೆಗಳ ಕಡೆಗೆ, ನಡುವೆ ಗೆರೆಯೆಳೆಯದೆ, ಅವರು ಸಾಗುತ್ತಾರೆ.

ಈ ಪ್ರಶ್ನಮಾಲೆ ಪಾಠಪುಸ್ತಕದ ಮಾನದಂಡಗಳ ಪಟ್ಟಿಯಂತೆ ತೋರಬಹುದು. ವಸ್ತುತಃ ಅದು ಬೇರೆ. ಪಟ್ಟಿಯು ವಸ್ತುವಿಗಿಂತ ಮೊದಲು ಸಿದ್ಧವಾಗುತ್ತದೆ. ಈ ಪ್ರಶ್ನೆಗಳು ತಂಬಿಗೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿದ ಮೇಲೆ ಹುಟ್ಟಿದುವು. ಕಲ್ಲಿನ ಮೇಲಿನ ಸದ್ದನ್ನು ಯಾವ ಕಾರ್ಯನಿರೂಪವೂ ಮುಂಚಿತವಾಗಿ ಕೇಳುವುದಿಲ್ಲ. ವಸ್ತುವೇ ಅದನ್ನು ಕೇಳಿಸುತ್ತದೆ.

ಈ ಭಾಗಕ್ಕೆ ಒಂದು ಮಿತಿಯಿದೆಯೆಂಬುದನ್ನೂ ಹೇಳಬೇಕು. ತಂಬಿಗೆಯನ್ನು ಯಾವನೊಬ್ಬನೂ ರೂಪಿಸಿರಲಾರನೆಂದು ವರದಿಯೇ ಒಪ್ಪುತ್ತದೆ. ತಲೆಮಾರುಗಳು ತಿದ್ದುತ್ತ ಬಂದ ರೂಪವದು. ವಿದ್ಯಾರ್ಥಿಗಾದರೋ ಇರುವುದು ಆರು ವಾರ. ಪರಂಪರೆಯು ನೂರಾರು ವರ್ಷಗಳಲ್ಲಿ ನಡೆಸಿದ ಪರೀಕ್ಷೆಯನ್ನು ಆರು ವಾರದಲ್ಲಿ ಹೇಗೆ ನಡೆಸಬೇಕೆಂಬುದನ್ನು ತಂಬಿಗೆಯ ಪ್ರಕರಣ ಹೇಳಿಕೊಡುವುದಿಲ್ಲ. ಅದಕ್ಕಾಗಿ ನಾವು ಇನ್ನೂ ಇಕ್ಕಟ್ಟಾದ, ಇನ್ನೂ ಹತ್ತಿರದ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬೇಕು.

೪

ಕರ್ನಾಟಕದಲ್ಲಿ ಕಲಿಯುವ ವಿನ್ಯಾಸ ವಿದ್ಯಾರ್ಥಿಗೆ ಒಂದಿಲ್ಲೊಂದು ದಿನ ಚನ್ನಪಟ್ಟಣದ ಗೊಂಬೆಯ ಕಾರ್ಯನಿರೂಪ ಎದುರಾಗುವುದು ಸಹಜ. ಆ ಕಸುಬಿನ ಕ್ರಮ ಹೀಗೆ: ಆಲೆಮರದ ಬಿಳಿಯ, ಮೆದುವಾದ ದಿಮ್ಮಿಯನ್ನು ಒಣಗಿಸಿ, ತಿರುಗಣಿಗೆ ಕಟ್ಟಿ, ಉಳಿಯಿಂದ ಕಡೆಯುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣ ಕಲಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ, ಉಜ್ಜಿದ ಕಾವಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಅನಂತರ ತಾಳೆಗರಿಯನ್ನು ಒತ್ತಿ ಹೊಳಪು ಕೊಡುತ್ತಾರೆ. ಬಣ್ಣವನ್ನು ಬಳಿಯುವುದಲ್ಲ; ತಿರುಗುವಿಕೆಯೇ ಬಣ್ಣವನ್ನು ಹತ್ತಿಸುತ್ತದೆ.

ಮೂರು ವರ್ಷಕ್ಕಿಂತ ಚಿಕ್ಕ ಮಗುವಿಗಾಗಿ ಈ ಕಸುಬಿನಿಂದ ಹೊಸ ಆಟಿಕೆಯೊಂದನ್ನು ರೂಪಿಸಬೇಕು. ಅದು ಅಲ್ಲಿಯ ಕುಶಲಕರ್ಮಿಗೆ ಹೊಸ ಮಾರುಕಟ್ಟೆ ತರಬೇಕು. ಹೀಗೊಂದು ನಿರೂಪವಿದೆಯೆಂದು ಊಹಿಸೋಣ. ವಿದ್ಯಾರ್ಥಿಗೆ ಮೂರು ಕಲ್ಪನೆಗಳು ಹೊಳೆದುವೆನ್ನೋಣ: ಒಂದರ ಮೇಲೊಂದು ಪೇರಿಸುವ ಬಳೆಗಳು, ಒಳಗೆ ಮಣಿಗಳಿರುವ ಗಿಲಕಿ, ನಾಲ್ಕು ಕಾಲಿನ ಆನೆ.

ಪಟ್ಟಿಯ ವಿಧಾನ ಬೇಗನೆ ತೀರ್ಪು ಕೊಡುತ್ತದೆ. ಬಳೆಗಳು ಸುರಕ್ಷಿತ, ತಿರುಗಣಿಗೆ ಸುಲಭ, ಆದರೆ ಹೊಸತಲ್ಲ. ಗಿಲಕಿ ಹೊಸತಲ್ಲವಾದರೂ ಆಕರ್ಷಕ. ಆದರೆ ಬೆಣೆ ಸಡಿಲವಾದರೆ ಮಣಿಗಳು ಹೊರಬರುತ್ತವೆ. ಚಿಕ್ಕ ಮಕ್ಕಳ ಆಟಿಕೆಗಳ ಪರೀಕ್ಷೆಯಲ್ಲಿ ೩೧.೭ ಮಿಲಿಮೀಟರು ಒಳವ್ಯಾಸದ ಒಂದು ಕೊಳವೆಯನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿಯಾಗಿ ಹಿಡಿಸುವ ಬಿಡಿಭಾಗವು ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳಬಹುದಾದುದೆಂದು ಅರ್ಥ. ಆನೆಯಂತೂ ಪಟ್ಟಿಯಿಂದಲೇ ಹೊರಗೆ: ತಿರುಗಣಿಯಿಂದ ದುಂಡಾದುದು ಮಾತ್ರ ಬರುತ್ತದೆ, ಆನೆ ದುಂಡಗಿಲ್ಲ. ಹೀಗೆ ಬಳೆಗಳು ಗೆಲ್ಲುತ್ತವೆ. ಅಂಗಡಿಯಲ್ಲಿ ಈಗಾಗಲೇ ಇರುವ ವಸ್ತು ಮತ್ತೊಂದು ಬಣ್ಣದಲ್ಲಿ ಅಂಗಡಿಗೆ ಮರಳುತ್ತದೆ.

ಆದರೆ ವಿದ್ಯಾರ್ಥಿಯು ತತ್ತ್ವಾಭಿನಿವೇಶಿಯಾಗಿದ್ದರೆ, ಆನೆಯನ್ನು ಹೊರದೂಡಿದ ಮಾತನ್ನೇ ಪರೀಕ್ಷಿಸುತ್ತಾನೆ. ತಿರುಗಣಿಯಿಂದ ದುಂಡಾದುದು ಮಾತ್ರ ಬರುತ್ತದೆಂಬುದು ನಿಜವೆ? ಜರ್ಮನಿಯ ಎರ್ಟ್ಸ್‌ಗೆಬಿರ್ಗೆ ಬೆಟ್ಟಸೀಮೆಯ ಸೈಫನ್ ಎಂಬ ಊರಿನಲ್ಲಿ ತಲೆಮಾರುಗಳಿಂದ ಬಂದ ಒಂದು ಉಪಾಯವುಂಟು. ಅಲ್ಲಿಯ ಕಡೆಸಲುಗಾರರು ಮರದ ದೊಡ್ಡ ಬಳೆಯೊಂದನ್ನು ಕಡೆಯುತ್ತಾರೆ. ಅದರ ಅಡ್ಡಕೊಯ್ತ ಪ್ರಾಣಿಯೊಂದರ ಪಾರ್ಶ್ವರೂಪದಂತಿರುತ್ತದೆ. ಆಮೇಲೆ ಆ ಬಳೆಯನ್ನು ಹಲಸಿನ ತೊಳೆಗಳಂತೆ ಸೀಳಿದಾಗ ಒಂದೊಂದು ಸೀಳೂ ಒಂದೊಂದು ಪ್ರಾಣಿಯಾಗುತ್ತದೆ. ತಿರುಗಣಿಯು ದುಂಡನ್ನೇ ಕೊಟ್ಟಿತು. ಸೀಳು ಅದನ್ನು ಆನೆಯಾಗಿಸಿತು. ಅಲ್ಲಿಗೆ ಮಾನದಂಡ ಮುರಿಯಿತು.

ಈಗ ಕಥೆ ಸುಖಾಂತವಾಯಿತೆಂದು ತಿಳಿಯಬಾರದು. ವಿದ್ಯಾರ್ಥಿಯು ಈ ಉಪಾಯವನ್ನು ಚನ್ನಪಟ್ಟಣದ ಕೆಲಸದ ಮನೆಗೆ ಕೊಂಡೊಯ್ದರೆ ಹೊಸ ತೊಡಕು ಎದ್ದುನಿಲ್ಲುತ್ತದೆ. ಅರಗು ಹತ್ತುವುದು ಮರ ತಿರುಗುವಾಗ. ಸೀಳಿದ ಮೇಲೆ ಹೊರಬಿದ್ದ ಎರಡು ಮುಖಗಳು ತಿರುಗಣಿಯನ್ನು ಎಂದೂ ಕಾಣಲಾರವು. ಅವುಗಳಿಗೆ ಅರಗು ಹತ್ತಲಾರದು. ಆನೆಯ ಬೆನ್ನು, ಸೊಂಡಿಲು, ಪಾದಗಳು ಹೊಳೆಯುತ್ತವೆ. ಎರಡು ಪಕ್ಕಗಳು ಬರಿಯ ಮರವಾಗಿ ಉಳಿಯುತ್ತವೆ. ಮಗು ಅದನ್ನು ಬಾಯಿಗಿಡುತ್ತದೆ. ಅಂಚು ಹರಿತವಾಗಿರಬಾರದು, ಸಿಬಿರು ಏಳಬಾರದು. ಆದ್ದರಿಂದ ಕೈಯಿಂದ ಉಜ್ಜಿ ನಯಗೊಳಿಸಬೇಕು. ಅದಕ್ಕೆ ಹಿಡಿಯುವ ಹೊತ್ತೆಷ್ಟು, ಆ ಹೊತ್ತಿಗೆ ಕೂಲಿಯನ್ನು ಯಾರು ಕೊಡುತ್ತಾರೆ?

ನಿರೂಪದಲ್ಲಿ ಎಲ್ಲಿಯೂ ಇಲ್ಲದ ಒಂದು ಪ್ರಶ್ನೆ ಹೀಗೆ ಹುಟ್ಟಿತು: ಅರಗು ಮುಟ್ಟಲಾರದ ಮುಖವನ್ನು ಏನು ಮಾಡಬೇಕು? ಇದು ಆನೆಯೊಂದರ ಪ್ರಶ್ನೆಯಲ್ಲ. ಈ ಕಸುಬಿನಲ್ಲಿ ದುಂಡನ್ನು ಮೀರಬಯಸುವ ಪ್ರತಿಯೊಂದು ಕಲ್ಪನೆಯೂ ಇದಕ್ಕೆ ಉತ್ತರ ಹೇಳಬೇಕು. ಒಬ್ಬನು ಬರಿಯ ಮುಖಗಳನ್ನು ಒಂದಕ್ಕೊಂದು ಕೂಡಿಸಿ ಮುಚ್ಚಿಬಿಡಬಹುದು: ಸೀಳುಗಳೆಲ್ಲ ಸೇರಿದರೆ ಮತ್ತೆ ಬಳೆ, ಬಿಡಿಸಿದರೆ ಆನೆಗಳ ಹಿಂಡು. ಇನ್ನೊಬ್ಬನು ಆ ಮುಖವನ್ನು ಬೇಕೆಂದೇ ಬಿಟ್ಟು, ಹೊಳಪಿಗೂ ಮರದ ಎಳೆಗೂ ಇರುವ ವ್ಯತ್ಯಾಸವನ್ನು ಮಗುವಿನ ಬೆರಳಿಗೆ ಆಟವಾಗಿ ಕೊಡಬಹುದು. ಮೊದಲು ಅಂಕ ಕಳೆದುಕೊಂಡ ದೋಷವೇ ಈಗ ವಸ್ತುವಿನ ಪ್ರಾಣವಾಯಿತು. ಪಟ್ಟಿಯ ಮೂರು ಸಾಲುಗಳನ್ನು ಎಷ್ಟು ಕೂಡಿ ಕಳೆದರೂ ಈ ನಾಲ್ಕನೆಯ, ಐದನೆಯ ಕಲ್ಪನೆಗಳು ಬರುತ್ತಿರಲಿಲ್ಲ. ಸೋತ ಕಲ್ಪನೆ ಏಕೆ ಸೋತಿತೆಂದು ವಿಚಾರಿಸಿದುದರಿಂದ ಅವು ಬಂದುವು.

ನಿರೂಪದ ಇನ್ನೊಂದು ಮಾತೂ ಹೀಗೆಯೇ ಮರುವೋದನ್ನು ಬೇಡುತ್ತದೆ. ಹೊಸ ಮಾರುಕಟ್ಟೆಯೆಂದರೇನು? ಬೆಂಗಳೂರು ಮೈಸೂರುಗಳ ನಡುವಣ ಹಳೆಯ ರಸ್ತೆಯ ಅಂಗಡಿಗಳು ದಾರಿಹೋಕರನ್ನು ನಂಬಿಕೊಂಡಿದ್ದುವು. ೨೦೨೩ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಚನ್ನಪಟ್ಟಣವನ್ನು ಬಳಸಿಕೊಂಡು ಹೋಗುತ್ತದೆ. ಕಾರು ನಿಲ್ಲಿಸಿ ಕೊಳ್ಳುವವನಿಗಾಗಿ ಮಾಡಿದ ವಸ್ತುವಿನ ಗುಣಗಳು ಬೇರೆ, ದೂರದ ಮನೆಗೆ ಪೊಟ್ಟಣದಲ್ಲಿ ಹೋಗಬೇಕಾದ ವಸ್ತುವಿನ ಗುಣಗಳು ಬೇರೆ. ಪದ ಬದಲಾಗಲಿಲ್ಲ; ರಸ್ತೆ ಬದಲಾದುದರಿಂದ ಪದದ ಅರ್ಥ ಬದಲಾಯಿತು.

೫

ನಮ್ಮ ಊಹೆಯ ಉದಾಹರಣೆಯನ್ನು ಪ್ರಯೋಗಗಳು ಎಷ್ಟರಮಟ್ಟಿಗೆ ಸಮರ್ಥಿಸುತ್ತವೆಂಬುದನ್ನು ಈಗ ನೋಡಬಹುದು. ಕಲ್ಪನೆಗಳನ್ನು ಹುಟ್ಟಿಸುವಾಗ ಟೀಕೆಯನ್ನು ಸಂಪೂರ್ಣವಾಗಿ ತಡೆಹಿಡಿಯಬೇಕೆಂಬ ನಿಯಮವನ್ನು ಪ್ರಚಾರಮಾಡಿದವನು ಅಮೆರಿಕದ ಜಾಹೀರಾತು ಸಂಸ್ಥೆಯೊಂದರ ಪಾಲುದಾರನಾದ ಅಲೆಕ್ಸ್ ಆಸ್‌ಬರ್ನ್. ೧೯೫೩ರಲ್ಲಿ ಪ್ರಕಟವಾದ ಆತನ ಗ್ರಂಥ ಶಾಲೆಗಳಲ್ಲಿ ಬಹುವಾಗಿ ಹರಡಿತು. ಹಲವರು ಒಟ್ಟಿಗೆ ಕುಳಿತು ಹೊಳೆದುದನ್ನೆಲ್ಲ ಹೇಳುವ ಪದ್ಧತಿ ಅವನದು. ೧೯೫೮ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಟೇಲರ್, ಬೆರ್ರಿ, ಬ್ಲಾಕ್ ಎಂಬ ಮೂವರು ವಿದ್ವಾಂಸರು ಅದನ್ನು ಪರೀಕ್ಷೆಗೊಡ್ಡಿದರು. ನಾಲ್ವರು ಒಟ್ಟಿಗೆ ಕುಳಿತು ಹೇಳಿದುದಕ್ಕಿಂತ, ನಾಲ್ವರು ಬೇರೆಬೇರೆಯಾಗಿ ಕುಳಿತು ಹೇಳಿದುದನ್ನು ಒಟ್ಟುಗೂಡಿಸಿದಾಗ ಕಲ್ಪನೆಗಳು ಹೆಚ್ಚಾದುವು. ಗೋಷ್ಠಿಗಿಂತ ಮುಂಚೆ ಏಕಾಂತದ ರಚನೆಯನ್ನಿಟ್ಟ ರಾಜಶೇಖರನ ದಿನಚರಿ ಇದಕ್ಕೆ ವಿರುದ್ಧವಾಗಿಲ್ಲ.

ಇನ್ನೂ ಗಂಭೀರವಾದುದು ಜಾನ್ಸನ್, ಸ್ಮಿತ್ ಎಂಬಿಬ್ಬರು ೧೯೯೧ರಲ್ಲಿ ಪ್ರಕಟಿಸಿದ ಪ್ರಯೋಗ. ತುಳುಕದ ಕಾಫಿ ಬಟ್ಟಲೊಂದನ್ನು ರೂಪಿಸಬೇಕೆಂದು ಅವರು ಕೇಳಿದರು. ಹೀರುಗೊಳವೆಯನ್ನು ಬಳಸಕೂಡದೆಂದು ಸ್ಪಷ್ಟವಾಗಿ ಹೇಳಿದರು. ಆದರೆ ಕೆಲವರಿಗೆ ಮಾತ್ರ ಹೀರುಗೊಳವೆಯಿದ್ದ ಒಂದು ಮಾದರಿಯನ್ನು ತೋರಿಸಿದರು. ಮಾದರಿಯನ್ನು ಕಂಡವರು, ನಿಷೇಧವನ್ನು ಓದಿಯೂ, ಹೀರುಗೊಳವೆಯನ್ನು ಹೆಚ್ಚಾಗಿ ಬರೆದರು. ಕಣ್ಣು ಕಂಡುದನ್ನು ಕೈ ಬಿಡಲೊಲ್ಲದು. ಟೀಕೆಯನ್ನು ತಡೆಹಿಡಿದಾಗ ಕಲ್ಪನೆ ಸ್ವತಂತ್ರವಾಗುತ್ತದೆಂಬ ನಂಬಿಕೆ ಇಲ್ಲಿ ಶಿಥಿಲವಾಗುತ್ತದೆ. ಮುಂಚೆ ಕಂಡ ರೂಪದಿಂದ ಬಿಡಿಸಿಕೊಳ್ಳಬೇಕಾದರೆ, ಬರೆಯುತ್ತಿರುವಾಗಲೇ ನಡುನಡುವೆ ನಿಂತು ನೋಡುವ ಕಣ್ಣು ಬೇಕು.

ಅಂಥ ಕಣ್ಣು ಹೇಗೆ ಕೆಲಸಮಾಡುತ್ತದೆಂಬುದು ಡಾರ್ಸ್ಟ್, ಕ್ರಾಸ್ ಎಂಬ ವಿದ್ವಾಂಸರ ೨೦೦೧ರ ಲೇಖನದಿಂದ ತಿಳಿಯುತ್ತದೆ. ನೆದರ್ಲೆಂಡ್ಸಿನ ರೈಲುಗಾಡಿಗಳ ಕಸದ ವ್ಯವಸ್ಥೆಯನ್ನು ರೂಪಿಸುವಂತೆ ಅನುಭವಿಗಳಾದ ಒಂಬತ್ತು ಮಂದಿ ವಿನ್ಯಾಸಕಾರರಿಗೆ ಬೇರೆಬೇರೆಯಾಗಿ ಹೇಳಲಾಗಿತ್ತು. ಓದಿ ಬಿಟ್ಟ ದಿನಪತ್ರಿಕೆಗಳನ್ನು ಕಸದಿಂದ ಬೇರೆಯಾಗಿಡಬೇಕೆಂಬ ವಿಚಾರ ಅವರಲ್ಲಿ ಬಹುಮಂದಿಗೆ ಹೊಳೆಯಿತು. ಹೊಳೆದ ಪ್ರತಿಯೊಬ್ಬರೂ ಅದು ತಮ್ಮ ವಿಶೇಷವಾದ ಕಾಣ್ಕೆಯೆಂದು ಭಾವಿಸಿದರು. ಅದು ಹೊಳೆದ ಕೂಡಲೆ ಸಮಸ್ಯೆಯೇ ಬೇರೆಯಾಯಿತು: ಕಸವನ್ನು ಎಲ್ಲಿ ಹಾಕಬೇಕೆಂಬುದರ ಬದಲು, ಯಾವುದು ಕಸ ಎಂಬ ಪ್ರಶ್ನೆ ಬಂದಿತು. ಉತ್ತರವೂ ಪ್ರಶ್ನೆಯೂ ಒಟ್ಟೊಟ್ಟಿಗೆ ಬೆಳೆಯುತ್ತವೆಂಬುದೇ ಆ ಲೇಖಕರ ನಿರ್ಣಯ. ಒಂದು ಎಚ್ಚರಿಕೆಯೂ ಅದರಲ್ಲಿ ಅಡಗಿದೆ: ತನಗೆ ಹೊಸತೆಂದು ತೋರಿದುದೆಲ್ಲ ಹೊಸತಲ್ಲ.

೬

ಅಂಕಗಳ ಪಟ್ಟಿಯ ಮೂಲವನ್ನು ನೋಡಿದರೂ ಇದೇ ಅರ್ಥ ಹೊರಡುತ್ತದೆ. ಬ್ರಿಟನ್ನಿನ ಸ್ಟೂಅರ್ಟ್ ಪ್ಯೂ ಎಂಬಾತನು ೧೯೮೦ರ ದಶಕದಲ್ಲಿ ಪ್ರಚಾರಕ್ಕೆ ತಂದ ಕೋಷ್ಟಕ ಇಂದು ಎಲ್ಲ ವಿನ್ಯಾಸ ಶಾಲೆಗಳಿಗೂ ಪರಿಚಿತ. ಒಂದು ಕಲ್ಪನೆಯನ್ನು ಆಧಾರವಾಗಿಟ್ಟುಕೊಂಡು, ಉಳಿದವುಗಳನ್ನು ಒಂದೊಂದು ಮಾನದಂಡದಲ್ಲಿಯೂ ಅದರೊಡನೆ ಹೋಲಿಸಿ, ಮೇಲು, ಕೀಳು, ಸಮ ಎಂದು ಗುರುತಿಸುವುದು ಅದರ ಕ್ರಮ. ಶಾಲೆಗಳಲ್ಲಿ ಉಳಿದುದು ಇಷ್ಟೇ. ಪ್ಯೂ ಮಾಡಿದುದು ಇದಕ್ಕಿಂತ ಹೆಚ್ಚು: ಕೀಳೆಂದು ಗುರುತಾದ ಕಡೆ ಆ ಕಲ್ಪನೆಯನ್ನು ತಿದ್ದಬಹುದೆ, ಎರಡರ ಮೇಲ್ಮೆಗಳನ್ನು ಕೂಡಿಸಿ ಮೂರನೆಯದನ್ನು ಹುಟ್ಟಿಸಬಹುದೆ ಎಂದು ವಿಚಾರಿಸಿ, ಆಧಾರವನ್ನು ಬದಲಿಸಿ ಮತ್ತೆ ಕೋಷ್ಟಕವನ್ನು ತುಂಬಬೇಕು. ಕೋಷ್ಟಕವು ತೀರ್ಪಿನ ಪೀಠವಾಗಿರಲಿಲ್ಲ. ಮಾತು ಹೊರಡಿಸುವ ಉಪಾಯವಾಗಿತ್ತು. ಮೊತ್ತವನ್ನು ಉಳಿಸಿಕೊಂಡು ಮಾತನ್ನು ಬಿಟ್ಟವರು ನಾವು.

ಪೂರ್ತಿಗೊಂಡ ಕಲ್ಪನೆಯು ಕಾರ್ಯನಿರೂಪವನ್ನೇ ವಿಮರ್ಶೆಗೆ ಒಡ್ಡುತ್ತದೆಂಬುದಕ್ಕೆ ಸಾರ್ವಜನಿಕವಾದ ಒಂದು ನಿದರ್ಶನವನ್ನು ಕೊಡಬಹುದು. ರೂಪಾಯಿಗೊಂದು ಚಿಹ್ನೆ ಬೇಕೆಂದು ಕೇಂದ್ರ ಸರ್ಕಾರವು ೨೦೦೯ರಲ್ಲಿ ಸ್ಪರ್ಧೆಯನ್ನು ಪ್ರಕಟಿಸಿತು. ದೇಶದ ಚರಿತ್ರೆ ಸಂಸ್ಕೃತಿಗಳ ಸತ್ತ್ವವನ್ನು ಅದು ಸೂಚಿಸಬೇಕಾಗಿತ್ತು. ಮೂರು ಸಾವಿರಕ್ಕಿಂತ ಹೆಚ್ಚು ರಚನೆಗಳು ಬಂದುವು. ಅಂತಿಮವಾಗಿ ಉಳಿದ ಐದರಲ್ಲಿ, ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ ವಿನ್ಯಾಸ ಕೇಂದ್ರದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಡಿ. ಉದಯಕುಮಾರ್ ಅವರ ರಚನೆಯನ್ನು ೨೦೧೦ರ ಜುಲೈ ೧೫ರಂದು ಕೇಂದ್ರ ಮಂತ್ರಿಮಂಡಲ ಅಂಗೀಕರಿಸಿತು. ದೇವನಾಗರಿಯ ರ ಅಕ್ಷರವೂ ಕಂಬವಿಲ್ಲದ ರೋಮನ್ ಆರ್ ಅಕ್ಷರವೂ ಒಂದೇ ರೇಖೆಯಲ್ಲಿ ಕೂಡಿಕೊಂಡಿರುವುದು ಅದರ ಜಾಣ್ಮೆ. ಮೇಲಣ ಗೆರೆ ಶಿರೋರೇಖೆಯೂ ಹೌದು; ಕೆಳಗಣ ಗೆರೆಯೊಡನೆ ಸೇರಿ, ಯೆನ್, ಯೂರೋ ಮೊದಲಾದ ಚಿಹ್ನೆಗಳ ಅಡ್ಡಗೆರೆಗಳ ಕುಲಕ್ಕೆ ಸೇರಿದುದೂ ಹೌದು. ಒಂದು ಗೆರೆ ಎರಡು ಬೇಡಿಕೆಗಳನ್ನು ತೀರಿಸುತ್ತದೆ. ರಚನೆಯ ಗುಣವನ್ನು ನಾವು ಸಂತೋಷದಿಂದ ಒಪ್ಪುತ್ತೇವೆ.

ಆದರೆ ಕನ್ನಡ ಓದುವ ಕಣ್ಣಿಗೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ನಮ್ಮ ಲಿಪಿಗೆ ಶಿರೋರೇಖೆಯಿಲ್ಲ. ನಮ್ಮ ವ್ಯಂಜನಗಳಲ್ಲಿ ಬಹುಭಾಗಕ್ಕೆ ತಮ್ಮತಮ್ಮದೇ ಆದ ಬಿಡಿ ತಲಕಟ್ಟು ಉಂಟು. ಪದವನ್ನೆಲ್ಲ ಒಂದಾಗಿ ಕಟ್ಟುವ ಗೆರೆಯಿಲ್ಲ. ತಮಿಳು, ಮಲೆಯಾಳ, ತೆಲುಗು, ಗುಜರಾತಿ, ಒಡಿಯಾ ಲಿಪಿಗಳಲ್ಲಿಯೂ ಅದಿಲ್ಲ. ಭಾರತೀಯತೆಯು ಶಿರೋರೇಖೆಯಲ್ಲಿ ಕಾಣುತ್ತದೆಂದಾಗ, ಯಾರ ಕಣ್ಣಿಗೆ ಕಾಣುವ ಭಾರತೀಯತೆ ಎಂದು ಕೇಳಬೇಕಾಗುತ್ತದೆ. ಇದು ವಿನ್ಯಾಸಕಾರರ ಮೇಲಣ ದೋಷಾರೋಪಣೆಯಲ್ಲ. ಅವರೇ ತಮಿಳು ಅಕ್ಷರ ವಿನ್ಯಾಸದಲ್ಲಿ ಕೆಲಸಮಾಡಿದವರು. ದೇಶದ ಸತ್ತ್ವವನ್ನು ಒಂದು ಚಿಹ್ನೆಯಲ್ಲಿ ಕೇಳಿದ ನಿರೂಪದೊಳಗೇ ಈ ತೊಡಕು ಅಡಗಿತ್ತು. ಒಳ್ಳೆಯ ಉತ್ತರವೊಂದು ಬಂದಮೇಲೆಯೇ ಅದು ಬೆಳಕಿಗೆ ಬಂದಿತು.

೭

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ಅಳತೆಗೋಲು ಕಲ್ಪನೆಯೊಡನೆ ಬೆಳೆಯುತ್ತದೆಂದು ಒಪ್ಪಿದರೆ, ವಿದ್ಯಾರ್ಥಿಯು ತನಗೆ ಬೇಕಾದ ಕಲ್ಪನೆಗೆ ಹೊಂದುವಂತೆ ಅಳತೆಗೋಲನ್ನು ಬಾಗಿಸಿಕೊಳ್ಳಲಾರನೆ? ಹತ್ತು ಚಿತ್ರಗಳ ಪುಸ್ತಕಕ್ಕಿಂತ ಇದು ಕೆಟ್ಟ ವಂಚನೆಯಾಗಲಾರದೆ? ಮೂವತ್ತು ಮಂದಿಯನ್ನು ಪರೀಕ್ಷಿಸಬೇಕಾದ ಅಧ್ಯಾಪಕನಿಗೆ ಸ್ಥಿರವಾದ ಅಂಕಪಟ್ಟಿಯಾದರೂ ನ್ಯಾಯದ ಒಂದು ಆಸರೆಯಲ್ಲವೆ?

ಆಕ್ಷೇಪಣೆ ಬಲವಾದುದು, ಅದರಲ್ಲಿ ಅರ್ಧವನ್ನು ನಾವು ಒಪ್ಪುತ್ತೇವೆ. ಕೆಲವು ಮಾನದಂಡಗಳು ಬದಲಾಗತಕ್ಕವಲ್ಲ. ಮಗುವಿನ ಗಂಟಲ ಅಳತೆಯು ವಿದ್ಯಾರ್ಥಿಯ ಸ್ಫೂರ್ತಿಗೆ ತಕ್ಕಂತೆ ಹಿಗ್ಗುವುದಿಲ್ಲ. ಉಳಿದವುಗಳ ವಿಷಯದಲ್ಲಿ, ಬದಲಾವಣೆ ಮತ್ತು ಬಾಗಿಸುವಿಕೆ ಇವುಗಳ ನಡುವೆ ಒಂದು ಭೇದವಿದೆ. ಬಾಗಿಸಿದ ಅಳತೆಗೋಲು ಒಂದೇ ಕಲ್ಪನೆಗೆ ಅನುಕೂಲವಾಗಿರುತ್ತದೆ. ಬೆಳೆದ ಅಳತೆಗೋಲು ಎಲ್ಲ ಕಲ್ಪನೆಗಳನ್ನೂ, ಅದನ್ನು ಹುಟ್ಟಿಸಿದ ಕಲ್ಪನೆಯನ್ನೂ ಸೇರಿಸಿ, ಹೆಚ್ಚು ಕಠಿಣವಾಗಿ ಅಳೆಯುತ್ತದೆ. ಅರಗು ಮುಟ್ಟದ ಮುಖದ ಪ್ರಶ್ನೆ ಮೊದಲು ಹೊಡೆದುದು ಆನೆಯನ್ನೇ ಅಲ್ಲವೆ? ಎರಡನೆಯ ಭೇದವೆಂದರೆ, ಬೆಳೆದ ಅಳತೆಗೋಲಿಗೆ ವಿದ್ಯಾರ್ಥಿಯ ಹೊರಗೆ ಸಾಕ್ಷಿಯುಂಟು: ಕಡೆಯುವವನ ಕೈ, ಮಗುವಿನ ಬಾಯಿ, ಕೊಳ್ಳುವವನ ದಾರಿ.

ಆದಕಾರಣ ಶಾಲೆಗಳು ಕೇಳಬೇಕಾದ ಸಾಕ್ಷ್ಯ ಬೇರೆಯಾಗಬೇಕು. ಎಷ್ಟು ಕಲ್ಪನೆಗಳೆಂದು ಎಣಿಸುವುದರ ಬದಲು, ಬಿಟ್ಟ ಕಲ್ಪನೆಯೊಂದು ಏನನ್ನು ಕಲಿಸಿತೆಂದು ಕೇಳಬಹುದು. ಕಾರ್ಯನಿರೂಪವನ್ನು ಮೊದಲ ವಾರದಲ್ಲಿ ಓದಿದ ಅರ್ಥವನ್ನೂ ಕೊನೆಯ ವಾರದಲ್ಲಿ ಓದಿದ ಅರ್ಥವನ್ನೂ ಎದುರುಬದುರಾಗಿ, ತಾರೀಖುಸಹಿತ, ಬರೆಸಬಹುದು. ಎರಡೂ ಒಂದೇ ಆಗಿದ್ದರೆ ನಡುವಣ ವಾರಗಳಲ್ಲಿ ವಿವೇಚನೆ ನಡೆಯಲಿಲ್ಲವೆಂದು ತಿಳಿಯಬಹುದು. ಇದು ಅಂಕ ಕೊಡುವವನ ಕೆಲಸವನ್ನು ಹೆಚ್ಚಿಸುತ್ತದೆ, ನಿಜ. ಆದರೆ ಸುಳ್ಳು ಚಿತ್ರಗಳನ್ನು ಬರೆಯುವ ಕೆಲಸ ವಿದ್ಯಾರ್ಥಿಗೆ ತಪ್ಪುತ್ತದೆ.

ಇದು ಅಂಕದ ವಿಷಯವಷ್ಟೇ ಆಗಿದ್ದರೆ ಇಷ್ಟು ದೀರ್ಘವಾಗಿ ಬರೆಯಬೇಕಾಗಿರಲಿಲ್ಲ. ವಿದ್ಯಾರ್ಥಿಯು ಹಾಳೆಯ ಮೇಲೆ ಹುಟ್ಟಿಸಿ ಬಿಟ್ಟ ಕಲ್ಪನೆಗೆ ಖರ್ಚು ಕಡಮೆ. ಅದೇ ಕಲ್ಪನೆಯನ್ನು ಪರೀಕ್ಷಿಸದೆ ಕೆಲಸದ ಮನೆಗೆ ಕೊಂಡೊಯ್ದರೆ ಖರ್ಚನ್ನು ತೆರುವವನು ಬೇರೆ. ತುಂಡಿನ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಮಾದರಿಯೊಂದನ್ನು ಕಡೆದ ಅರ್ಧ ದಿನ ಮರಳಿ ಬರುವುದಿಲ್ಲ. ವಿದ್ಯಾರ್ಥಿಯ ನಾಲ್ಕನೆಯ ಯಾಮ ಪ್ರಾಮಾಣಿಕವಾಗಿದ್ದರೆ ಅವನ ಅರ್ಧ ದಿನ ಉಳಿಯುತ್ತದೆ.

ಮುಂದಿನ ಪರೀಕ್ಷಣಕ್ಕೆ ಕರೆ ಬಂದರೆ ನಾವು ಅಂಕಪಟ್ಟಿಯನ್ನು ಬದಿಗಿಟ್ಟು, ಹತ್ತನೆಯ ಚಿತ್ರದ ಅಳಿಸಿದ ಗೆರೆಗಳನ್ನು ಮೊದಲು ನೋಡುತ್ತೇವೆ. ಆ ವಿದ್ಯಾರ್ಥಿನಿಗೆ ಅಂದು ನಾವು ಕೇಳದೆ ಉಳಿಸಿದ ಪ್ರಶ್ನೆಯನ್ನು ಕೇಳುತ್ತೇವೆ: ಇಲ್ಲಿ ಅಳಿಸಿದುದೇಕೆ?